ತಲೆಯ ಮೇಲೊಂದು ರನ್‌ವೇ

“ನಿನ್ನ ತಮ್ಮನ ಕಟಿಂಗ್ ಮುಗಿಯೋವರೆಗೂ ನನ್ನ ಬಾಯಿಂದ ವಿಮಾನ ಅನ್ನೋ ಮಾತು ಬಂದರೆ ಕೇಳು. ನಾನೇನು ಎಳೇ ಮಗುನಾ?” ಎಂದು ಪೈಲಟ್ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡ. ಹೆಂಡತಿ ಅಂಗಡಿಗೂ ಅಡುಗೆಮನೆಗೂ ನಡುವಿನ ಪರದೆಯನ್ನು ಒಂದಿಷ್ಟು ಸರಿಸಿ, ಕಿವಿಯನ್ನು ಇತ್ತಲೇ ಬಿಟ್ಟು ಒಳಗೆ ಹೋದಳು.

ಪೈಲಟ್ ಎಂದರೆ ಬೀದಿಯವರು ಇಟ್ಟ ಹೆಸರು. ಅವನು ವಿಮಾನ ಹತ್ತಿದವನಲ್ಲ. ಏಣಿ ಹತ್ತಿದರೂ ತಲೆ ಸುತ್ತುತ್ತಿತ್ತು. ಕಸುಬು ಕ್ಷೌರ. ಆದರೆ ಬೇರೆಯವರು ಪೌಡರ್ ಡಬ್ಬ ಇಡುವ ಗಾಜಿನ ಹಲಗೆಯ ಮೇಲೆ ಅವನ ಅಂಗಡಿಯಲ್ಲಿ ಎರಡನೇ ಮಹಾಯುದ್ಧವೇ ನಡೆಯುತ್ತಿತ್ತು! ಎಲ್ಲ ಲೋಹದ ಪುಟ್ಟ ಯುದ್ಧವಿಮಾನಗಳು. ಅಸಲಿಯ ಎಪ್ಪತ್ತೆರಡರಲ್ಲಿ ಒಂದು ಪಾಲು, ಅಂಗೈ ಮೇಲೆ ಕೂರುವಷ್ಟು. ಗಡ್ಡಕ್ಕೆ ಬಂದವನು ಅರ್ಧ ನೊರೆಯಲ್ಲಿ ಕೂತು, ಜಪಾನಿನ ‘ಝೀರೋ’ ಕವಚವನ್ನೇ ಬಿಟ್ಟು ಹೇಗೆ ಹಗುರಾಯಿತು, ಜರ್ಮನರ ಮೆಸ್ಸರ್‌ಶ್ಮಿಟ್ ಒತ್ತೊತ್ತಾದ ಕಾಲುಗಳ ಮೇಲೆ ಇಳಿಯಲು ಹೋಗಿ ಹೇಗೆ ಮುಗ್ಗರಿಸುತ್ತಿತ್ತು ಎಂಬುದನ್ನೆಲ್ಲ ಕೇಳಲೇಬೇಕು. ಯಾರಾದರೂ ‘ಆಟದ ಸಾಮಾನು’ ಎಂದರೋ, ಕತ್ತಿ ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತಿದ್ದ. ಅರ್ಧ ಗಡ್ಡದಲ್ಲೇ ಎದ್ದು ಹೋದ ಗಿರಾಕಿಗಳೂ ಉಂಟು.

ಇವತ್ತು ಕುರ್ಚಿಯಲ್ಲಿ ಕೂತಿದ್ದವನು ಅವನ ಬಾಮೈದ, ಎಲ್ಲರ ಬಾಯಲ್ಲಿ ಗುಂಗುರು. ನಲವತ್ತು ದಾಟಿದ್ದರೂ ತಲೆತುಂಬ ಕರೀ ಗುಂಗುರು ಕೂದಲು. ಹಲ್ಲು ಸೊಟ್ಟ, ಹೊಟ್ಟೆ ಮುಂದೆ, ಕೆಲಸ ಸಾಧಾರಣ. ಹೆಣ್ಣು ನೋಡಲು ಹೋದ ಮನೆಗಳಿಂದೆಲ್ಲ ಬಂದ ದಾರಿಗೆ ಸುಂಕವಿಲ್ಲದಂತೆ ಮರಳಿದ್ದ. ಕೊನೆಗೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣೊಬ್ಬಳು ಒಪ್ಪಿದ್ದಳು. ಒಪ್ಪಿದ್ದು ಕೂದಲು ನೋಡಿಯೇ ಎಂಬುದು ಗುಂಗುರುವಿನ ಗಟ್ಟಿ ನಂಬಿಕೆ. ಮದುವೆ ನಾಳೆ ಬೆಳಿಗ್ಗೆ, ರಿಜಿಸ್ಟ್ರಾರ್ ಕಚೇರಿಯಲ್ಲಿ.

ಪೈಲಟ್ ತುಟಿ ಬಿಗಿದುಕೊಂಡೇ ಕೆಲಸ ಶುರುಮಾಡಿದ. ಎರಡು ಬಾಲದ ಅಮೆರಿಕನ್ ವಿಮಾನ ನೋಡಿ ಗುಂಗುರು, ಇದೇನು ಎರಡನ್ನು ಅಂಟಿಸಿಟ್ಟಿದ್ದೀರಾ ಎಂದ. ಪೈಲಟ್‌ನ ಕಿವಿ ಕೆಂಪಗಾಯಿತು, ಬಾಯಿ ತೆರೆಯಲಿಲ್ಲ. ಇವಕ್ಕೆ ಬ್ಯಾಟರಿ ಎಲ್ಲಿ ಹಾಕೋದು ಎಂದ. ಪೈಲಟ್ ಉಗುಳು ನುಂಗಿದ. ಕತ್ತರಿಯ ಕೆಲಸ ಸಾಂಗವಾಗಿ ಮುಗಿಯಿತು. ಇನ್ನು ಕತ್ತಿನ ಹಿಂದೆ ಮಷೀನಿನಲ್ಲಿ ಒಂದು ಗೆರೆ ತೆಗೆದರೆ ಮುಗಿಯಿತು. ಸಣ್ಣದಾಗಿ ಹೊಡೆಯಬೇಕೆಂದು ಮಷೀನಿನ ಮುಂದಿನ ಬಾಚಣಿಗೆ ಕಳಚಿಟ್ಟು, ಗುಂಡಿ ಒತ್ತಿದ.

ಆಗ ಗುಂಗುರು ಕನ್ನಡಿಯ ಮೇಲಿನ ಬ್ರಿಟಿಷ್ ವಿಮಾನ ಸ್ಪಿಟ್‌ಫೈರನ್ನೇ ನೋಡುತ್ತ ಕೇಳಿದ: “ಭಾವ, ಇದರ ಮೂತಿ ಇಷ್ಟು ಉದ್ದ, ಅದೂ ಆಕಾಶ ನೋಡ್ತಾ ನಿಂತಿದೆ. ಒಳಗೆ ಕೂತವನಿಗೆ ನೆಲದ ಮೇಲೆ ಹೋಗುವಾಗ ದಾರಿ ಹೇಗೆ ಕಾಣುತ್ತೆ?”

ಅಯ್ಯೋ! ಅಂಗಡಿ ತೆರೆದಾಗಿನಿಂದ ಬಂದು ಹೋದ ಗಿರಾಕಿಗಳಲ್ಲಿ ಒಬ್ಬನಾದರೂ ಇಂಥ ಪ್ರಶ್ನೆ ಕೇಳಿದ್ದನೇ? ಪೈಲಟ್‌ಗೆ ಹೆಂಡತಿ, ಪ್ರತಿಜ್ಞೆ, ಪರದೆ ಎಲ್ಲ ಮರೆತೇಹೋಯಿತು.

“ಕಾಣಲ್ಲ ಕಣೋ. ಅದೇ ಮಜಾ. ನೆಟ್ಟಗೆ ಹೋದರೆ ಎದುರಿಗೆ ಏನಿದ್ದರೂ ಗುದ್ದೋದೇ. ಅದಕ್ಕೆ ಒಳಗೆ ಕೂತವನು ಏನು ಮಾಡ್ತಿದ್ದ ಗೊತ್ತಾ? ಹೀಗೆ, ಹಾವು ಹರಿದ ಹಾಗೆ, ಸ್ವಲ್ಪ ಎಡಕ್ಕೆ ತಿರುಗಿಸಿ ಬಲಗಡೆಯಿಂದ ಇಣುಕೋದು, ಮತ್ತೆ ಬಲಕ್ಕೆ ತಿರುಗಿಸಿ…”

ಮಾತಿನ ಜೊತೆ ಕೈಯೂ ಹೊರಟಿತ್ತು. ಕೈಯಲ್ಲಿ ಮಷೀನು ಗುರ್ ಎನ್ನುತ್ತಿತ್ತು, ಎಂಜಿನ್ನಿಗೆ ಇನ್ನೇನು ಬೇಕು! ಕತ್ತಿನಿಂದ ಹೊರಟ ಸ್ಪಿಟ್‌ಫೈರ್ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ನಡುನೆತ್ತಿ ದಾಟಿ ಹಣೆಯ ಬಳಿ ಮೇಲೇರಿತು. ಹಿಂದೆ ಗುಂಗುರು ಕಾಡಿನ ನಡುವೆ ಬೋಳು ರಸ್ತೆಯೊಂದು ಅಂಕುಡೊಂಕಾಗಿ ಹೊಳೆಯುತ್ತಿತ್ತು.

ಗುಂಗುರು ಕನ್ನಡಿಯಲ್ಲಿ ತನ್ನನ್ನೇ ಗುರುತು ಹಿಡಿಯದವನಂತೆ ನೋಡಿದ. ಆಮೇಲೆ ಬಹಳ ಮೆಲ್ಲಗೆ, “ಭಾವ, ನಾಳೆ ನನ್ನ ಮದುವೆ” ಎಂದ.

ಪೈಲಟ್ ಧೈರ್ಯಗೆಡುವ ಆಸಾಮಿಯೇ? ಅಕ್ಕಪಕ್ಕದ ಕೂದಲನ್ನು ಎಳೆದು ರಸ್ತೆಯ ಮೇಲೆ ಹಾಸಿದ. ಅವು ಹುಟ್ಟು ಗುಂಗುರು. ಕೈ ಬಿಟ್ಟೊಡನೆ ಸ್ಪ್ರಿಂಗಿನಂತೆ ತಮ್ಮ ಜಾಗಕ್ಕೆ ಹಾರಿದವು. ಎಣ್ಣೆ ಮೆತ್ತಿದ. ಮಿಂಚುವ ರಸ್ತೆ ಇನ್ನಷ್ಟು ಮಿಂಚಿತು. ಕೊನೆಗೆ ಕೂದಲಿಗೆ ಹಚ್ಚುವ ಕರೀ ಬಣ್ಣ ಕಲಸಿ, ಬೋಳು ಚರ್ಮಕ್ಕೇ ಬಳಿದ. ಮಣ್ಣಿನ ರಸ್ತೆಗೆ ಡಾಂಬರು ಬಿತ್ತೇ ಹೊರತು ಕಾಡು ಬೆಳೆಯಲಿಲ್ಲ! ಬಣ್ಣ ಇಳಿದು ಹಣೆ, ಮೂಗು, ಮೀಸೆಯವರೆಗೆ ಬಂತು.

ಪರದೆ ಸರಿಯಿತು. ಹೆಂಡತಿ ತಮ್ಮನ ತಲೆ ನೋಡಿದಳು, ಗಂಡನ ಮುಖ ನೋಡಿದಳು. “ಯಾವ ವಿಮಾನ ರೀ?” ಎಂದಳು, ಅಷ್ಟೇ. ಬೈದಿದ್ದರೆ ಪೈಲಟ್ ತಿರುಗಿ ಬೈಯಬಹುದಿತ್ತು.

ಅಷ್ಟರಲ್ಲಿ ಅಂಗಡಿಯ ಬಾಗಿಲಲ್ಲಿ ಮದುಮಗಳು ನಿಂತಿದ್ದಳು! ಔಷಧಿ ಅಂಗಡಿಯ ಬಿಳಿ ಕೋಟಿನಲ್ಲೇ ಬಂದಿದ್ದಳು. ಪೈಲಟ್ ಟವೆಲೆಳೆದು ಬಾಮೈದನ ತಲೆಗೆ ಸುತ್ತಿದ. ಒಂದು ಮಾತು ಕೇಳಬೇಕಿತ್ತು, ಕೇಳದೆ ನಾಳೆ ಸಹಿ ಹಾಕಲಾರೆ ಎಂದು ಆಕೆ ಗಂಭೀರವಾಗಿ ಹೇಳಿದಳು. ಗುಂಗುರುವಿನ ಮುಖದಲ್ಲಿ ಉಳಿದ ಬಣ್ಣವೆಂದರೆ ಆ ಕರೀ ಬಣ್ಣ ಮಾತ್ರ. ಟವೆಲು ತಾನಾಗಿಯೇ ಜಾರಿ ಮಡಿಲಿಗೆ ಬಿತ್ತು.

ಆಕೆ ಹತ್ತಿರ ಬಂದು ರಸ್ತೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಪಕ್ಕದ ಕೂದಲನ್ನು ಬೆರಳಿಗೆ ಸುತ್ತಿ ಜಗ್ಗಿದಳು. ಗುಂಗುರು ಕಿರುಚಿದ. ಇನ್ನೊಮ್ಮೆ ಜಗ್ಗಿದಳು. ಅವನ ಕಣ್ಣಲ್ಲಿ ನೀರೇ ಬಂತು.

“ಅಬ್ಬಾ, ನಿಜವಾದದ್ದೇ” ಎಂದು ಆಕೆ ಗಿರಾಕಿಗಳ ಬೆಂಚಿನ ಮೇಲೆ ಕುಸಿದು ಕೂತಳು. “ಈ ವಯಸ್ಸಿಗೆ ಇಷ್ಟು ಕೂದಲು ಯಾರಿಗಿರುತ್ತೆ? ವಿಗ್ಗೇ ಅಂದುಕೊಂಡಿದ್ದೆ. ಕೂದಲಲ್ಲೇ ಮೋಸ ಮಾಡೋನು ಇನ್ಯಾವುದರಲ್ಲಿ ಬಿಡ್ತಾನೆ ಅಂತ ನಿದ್ದೆನೇ ಇರಲಿಲ್ಲ. ಬೋಳಿಸಿಬಿಡಿ, ಪರವಾಗಿಲ್ಲ. ಬೆಳೆಯುತ್ತಲ್ಲ.”

ಪೈಲಟ್‌ನ ಎದೆ ಮತ್ತೆ ಉಬ್ಬಿತು. ತಾನು ಮಷೀನು ಹಾಯಿಸದಿದ್ದರೆ ಈ ಸತ್ಯ ಹೊರಬೀಳುತ್ತಿತ್ತೇ? ಸ್ಪಿಟ್‌ಫೈರ್ ಒಂದು ದೇಶವನ್ನಷ್ಟೇ ಅಲ್ಲ, ಒಂದು ಮದುವೆಯನ್ನೂ ಉಳಿಸಿತು ಎಂದು ಭಾಷಣ ಶುರುಮಾಡುತ್ತ ಮಷೀನಿಗೆ ಕೈ ಹಾಕಿದ.

“ಅಣ್ಣ, ನೀವು ಬೇಡ” ಎಂದಳು ಮದುಮಗಳು.

ಮಷೀನು ಆಗಲೇ ಹೆಂಡತಿಯ ಕೈ ಸೇರಿತ್ತು. ಮಕ್ಕಳು ಚಿಕ್ಕವರಿದ್ದಾಗ ಮನೆಯಲ್ಲಿ ಅವರ ಕೂದಲು ಕತ್ತರಿಸುತ್ತಿದ್ದವಳು ಅವಳೇ. ಅಪ್ಪನ ಒಂದು ಕಾಳಗದ ಕತೆ ಮುಗಿಯುವಷ್ಟರಲ್ಲಿ ಅವರಿಗೆ ನಿದ್ದೆ ಬಂದುಬಿಡುತ್ತಿತ್ತು. ಮಾತಿಲ್ಲ ಕತೆಯಿಲ್ಲ, ಚಕಚಕ ಹೊಡೆದಳು. ಒಂದು ಗೀರಿಲ್ಲ, ಒಂದು ಕುಚ್ಚು ಉಳಿಯಲಿಲ್ಲ. ಪೈಲಟ್ ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದ.

ಕೆಲಸ ಮುಗಿಯುವ ಹೊತ್ತಿಗೆ ಕಾಯಂ ಗಿರಾಕಿಯಾದ ಶಾಲಾ ಬಸ್ಸಿನ ಡ್ರೈವರ್ ಒಳಗೆ ಬಂದ. ಆ ನುಣ್ಣನೆಯ ತಲೆಯನ್ನು ಸುತ್ತಲಿಂದ ನೋಡಿ, ಮೆಚ್ಚಿ, ಖಾಲಿಯಾದ ಕುರ್ಚಿಯಲ್ಲಿ ಕೂತ. ಪೈಲಟ್ ಬಟ್ಟೆ ಕೊಡವಿ ಅವನ ಕೊರಳಿಗೆ ಕಟ್ಟಲು ಹೋದ.

“ಅಕ್ಕ, ನನಗೂ ನೀವೇ ಹೊಡೆದುಬಿಡಿ” ಎಂದ ಡ್ರೈವರ್. “ಪೈಲಟ್ಟಣ್ಣ ಇಲ್ಲೇ ದೂರದಲ್ಲಿ ನಿಂತು ಕತೆ ಹೇಳಲಿ. ಇವತ್ತು ಭಯ ಇಲ್ಲದೆ ಕೇಳಬಹುದು.”