ನಮ್ಮ ಅಡುಗೆಮನೆಯ ಓವನ್ನಿನವರ ಸನ್ನಿಧಾನಕ್ಕೆ

ಬಿಳಿಗೆರೆ, ನಂಜನಗೂಡು ತಾಲ್ಲೂಕು
೧೯೯೮

ಮಾನ್ಯ ಕರೆಂಟ್ ಓವನ್ನಿನವರೇ,

ಅಕ್ಕಿ ಡಬ್ಬವನ್ನು ಕೆಳಗಿಳಿಸಿ ಆ ಜಾಗದಲ್ಲಿ ವಿರಾಜಮಾನರಾಗಿರುವ ತಮಗೆ, ಈ ಮನೆಯ ಒಲೆಯ ಮುಂದೆ ಮೂವತ್ತೆರಡು ವರ್ಷ ಕಳೆದಿರುವ ನಾನು ತಲೆಬಾಗಿ ವಂದಿಸುತ್ತೇನೆ. ತಮ್ಮ ದುಂಡನೆಯ ಮೈ, ಮುಚ್ಚಳದ ಗಾಜಿನ ಕಿಟಕಿ, ಕೆಂಪು ದೀಪ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ; ಅವು ಸವೆಯುವಂಥ ಕೆಲಸವನ್ನು ತಾವೇನೂ ಮಾಡಿಲ್ಲ.

ಮಗ ಹೇಮಂತ್ ತಮ್ಮನ್ನು ಮೈಸೂರಿನಿಂದ ತಂದ ದಿನ ಊರೆಲ್ಲ ಹೇಳಿಕೊಂಡು ಬಂದವಳು ನಾನೇ. ಟಿ. ನರಸೀಪುರದ ನನ್ನ ನಾದಿನಿ ಶಿವನಂಜಮ್ಮನಿಗಂತೂ, ನೀನು ಸೌದೆ ಊದುತ್ತಲೇ ಇರು, ನಮ್ಮಲ್ಲಿ ಇನ್ನು ಸ್ವಿಚ್ಚು ಒತ್ತಿದರೆ ಸಾಕು ಎಂದಿದ್ದೆ. ಆಯುಧಪೂಜೆಯಲ್ಲಿ ಟ್ರ್ಯಾಕ್ಟರಿಗಿಂತ ಮೊದಲು ತಮಗೆ ಕುಂಕುಮ ಇಡಿಸಿದೆ.

ಕಳೆದ ಭಾನುವಾರ ಅವಳು ನೋಡಲೆಂದೇ ಬಂದಳು. ಹಿತ್ತಲಲ್ಲಿ ರೋಗಕ್ಕೆ ಸಿಕ್ಕದೆ ಉಳಿದಿರುವ ಒಂದೇ ರಸಬಾಳೆ ಗಿಡದಿಂದ, ನಾಲ್ಕು ವರ್ಷಕ್ಕೆ ಸಿಕ್ಕ ಗೊನೆಯಲ್ಲಿ ಆರು ಹಣ್ಣು ಕಿವುಚಿ, ಮುಸುಕಿನ ಜೋಳದ ಹಿಟ್ಟು, ಬೆಲ್ಲ, ಬೆಣ್ಣೆ, ಮೊಸರು, ಚಿಟಿಕೆ ಸೋಡ ಕೇಕಿಗೆಂದು ಕಲಸಿ, ಡಬ್ಬಿಗೆ ಸುರಿದು ತಮ್ಮ ಹೊಟ್ಟೆಗಿಟ್ಟು, ನಲವತ್ತು ನಿಮಿಷ ಮಾತ್ರ ಕೇಳಿಕೊಂಡೆ. ತಾವು ಹತ್ತು ನಿಮಿಷ ಬೆಳಗಿ, ಕರೆಂಟು ಹೋಯಿತೆಂಬ ನೆವದಲ್ಲಿ ಕಣ್ಣು ಮುಚ್ಚಿದಿರಿ. ಮೇಲೆ ಕೆನೆ, ಒಳಗೆ ಅಂಬಲಿ.

ನಾದಿನಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ನಾನು ಆ ಡಬ್ಬಿಯನ್ನು ಸೆರಗಿನಡಿ ಮುಚ್ಚಿಕೊಂಡು ಬಚ್ಚಲುಮನೆಗೆ ಹೋಗಿ, ಸ್ನಾನದ ಹಂಡೆಯ ಕೆಳಗಿನ ನೀರೊಲೆಯಿಂದ ಕೆಂಡ ಎಳೆದು, ಡಬ್ಬಿಯ ಕೆಳಗೊಂದಿಷ್ಟು, ಮುಚ್ಚಿದ ತಟ್ಟೆಯ ಮೇಲೊಂದಿಷ್ಟು ಹರಡಿ, ನನ್ನ ತಾಯಿ ಮಾಡುತ್ತಿದ್ದಂತೆ ಅರ್ಧ ಗಂಟೆ ಹೊಗೆಯಲ್ಲಿ ಕೂತು ಬೇಯಿಸಿದೆ. ಆಮೇಲೆ ಮಾಡಬಾರದ್ದನ್ನು ಮಾಡಿದೆ: ಬೆಂದದ್ದನ್ನು ಮತ್ತೆ ತಮ್ಮೊಳಗಿಟ್ಟು, ಅವಳನ್ನು ಕರೆದು, ಅವಳೆದುರಿಗೇ ತಮ್ಮ ಮುಚ್ಚಳ ತೆರೆದೆ.

ಎರಡು ತುಂಡು ತಿಂದು, ಮೂರನೆಯದಕ್ಕೆ ಕೈಹಾಕಿ, ತಮ್ಮ ಬೆನ್ನು ಸವರುತ್ತ ಅವಳು ಅಂದದ್ದನ್ನು ಇದ್ದಂತೆ ಬರೆಯುತ್ತೇನೆ. "ಅತ್ಗಮ್ಮ, ಮೂವತ್ತು ವರ್ಸದಲ್ಲಿ ನಿಮ್ ಕೈಲಿ ಇಂಥದ್ದೊಂದು ಆಗ್ನಿಲ್ಲ ಕಣ್ರವ್ವ. ಎಲ್ಲಾ ಈ ಮಿಸಿನ್ನಿನ ಮೈಮೆ ಬುಡಿ. ಅದ್ಸರಿ, ಕಣ್ಯಾಕೆ ಇಂಗೆ ಕೆಂಪಗವೆ?"

ಈರುಳ್ಳಿ ಹೆಚ್ಚಿದೆ ಎಂದೆ. ಬಾಳೆಹಣ್ಣಿನ ಕೇಕಿಗೆ ಈರುಳ್ಳಿ ಯಾಕೆಂದು ಅವಳು ಕೇಳದಿದ್ದುದು ಅವಳ ದೊಡ್ಡತನ. ಸೌದೆಯವಳೆಂದು ನಾನು ಹೀಗಳೆದವಳ ಮುಂದೆ, ಸ್ನಾನದ ಒಲೆಯ ಕೆಂಡವೇ ನನ್ನ ಮಾನ ಕಾಯಿತೆಂದು ಯಾವ ಬಾಯಿಂದ ಹೇಳಲಿ?

ಆದ್ದರಿಂದ ಸರ್ವಶಕ್ತರಾದ ತಮ್ಮಲ್ಲಿ ಅರಿಕೆ ಏನೆಂದರೆ, ತಾವು ನುಂಗಿದ ಆ ಹೊಗಳಿಕೆಯನ್ನು ತಾವಾಗಿಯೇ ಬಾಯಿ ತೆರೆದು ನನ್ನ ನಾದಿನಿಯ ಎದುರು ಹಿಂತಿರುಗಿಸಬೇಕು. ಆಗದಿದ್ದರೆ ಬರುವ ಭಾನುವಾರದೊಳಗೆ ಹಿತ್ತಲಲ್ಲಿ ಇನ್ನೊಂದು ರಸಬಾಳೆ ಗೊನೆ ಬಿಡಿಸಿ, ಕರೆಂಟಿಲ್ಲದೆ ತಾವೊಬ್ಬರೇ ಬೇಯಿಸಿ ತೋರಿಸಬೇಕು.

ನೀರೊಲೆಯ ಮುಂದಿನಿಂದ,
ತಮ್ಮ ವಿಶ್ವಾಸಿ,
ಸಿದ್ದಲಿಂಗಮ್ಮ

ಮರೆತ ಮಾತು: ಬುಧವಾರ ತನ್ನ ಮನೆಗೆ ಬರುವ ಬೀಗರಿಗೆ ಇಂಥದ್ದೇ ಮಾಡಿ ಬಡಿಸಬೇಕು, ತಮ್ಮನ್ನು ನರಸೀಪುರಕ್ಕೆ ಕಳಿಸಿಕೊಡಬೇಕು ಎಂದು ಶಿವನಂಜಮ್ಮ ಕೇಳಿದ್ದಾಳೆ. ಸಂತೋಷದಿಂದ ಒಪ್ಪಿದ್ದೇನೆ. ಹಣ್ಣು, ಹಿಟ್ಟು, ಬೆಣ್ಣೆ ಎಲ್ಲವನ್ನೂ ತಮ್ಮ ಜೊತೆಗೆಂದು ಕಟ್ಟಿಟ್ಟಿದ್ದೇನೆ. ನಾನು ಮಾತ್ರ ಬರುತ್ತಿಲ್ಲ.