ಪ್ಲೋನಿ ಅತ್ತೆಯ ಕಪ್ಪು ಪಾನಕ

ಪ್ಲೋನಿ ಅತ್ತೆ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದ ಬೆಳಿಗ್ಗೆಯೇ ಎವಾಲ್ಡನ ಹೋಟೆಲಿನ ಬಾಗಿಲಿಗೆ ಗೆರ್ನೋಟ್ ಮೇಷ್ಟ್ರು ಒಂದು ಕಾಗದ ಅಂಟಿಸುತ್ತಿದ್ದರು. ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದ ಎವಾಲ್ಡ್ ಅದನ್ನು ಓದಿದ: ‘ಇರಾಕಿನ ಯುದ್ಧ ನಿಲ್ಲುವವರೆಗೆ ಇಲ್ಲಿ ಅಮೆರಿಕದ ಸರಕು ಸಿಗುವುದಿಲ್ಲ.’

“ಮೇಷ್ಟ್ರೇ, ನಮ್ಮತ್ತೆ ಹೋಗಿಬಿಟ್ರು.”

“ದೇವರು ಅವರಿಗೆ ಶಾಂತಿ ಕೊಡಲಿ. ಆ ಮೂಲೆ ಸ್ವಲ್ಪ ಒತ್ತಿ ಹಿಡ್ಕೋ, ಗಾಳಿಗೆ ಏಳ್ತಾ ಇದೆ.”

ಎವಾಲ್ಡ್ ಒತ್ತಿ ಹಿಡಿದ. ಅವನಿಗೆ ಐವತ್ತು ದಾಟಿತ್ತು. ಆದರೂ ಮಗ್ಗಿ ಕಲಿಸಿದ ಮೇಷ್ಟ್ರು ಎದುರಿಗೆ ಬಂದರೆ ಅವನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗಿ ಅಡಗುತ್ತಿದ್ದವು.

ಗುಡ್ಡದ ಆಚೆ ಅಮೆರಿಕದವರ ವಿಮಾನ ನೆಲೆ. ಮೊದಲೆಲ್ಲ ಶನಿವಾರ ಸಂಜೆ ಅಲ್ಲಿನ ಸೈನಿಕರು ಸಂಸಾರ ಸಮೇತ ಬಂದು ಎವಾಲ್ಡನ ಹೋಟೆಲಿನಲ್ಲಿ ಉಂಡು ಹೋಗುತ್ತಿದ್ದರು. ಜರ್ಮನಿ ಈ ಯುದ್ಧಕ್ಕೆ ಬರುವುದಿಲ್ಲವೆಂದ ಮೇಲೆ ಅವರು ಸಿಟ್ಟಾಗಿ ಜರ್ಮನ್ ಊಟ ಬಿಟ್ಟರು. ಅವರ ಮೇಲಿನ ಸಿಟ್ಟಿಗೆ ಊರವರು ಅಮೆರಿಕದ ಕೋಲಾ ಬಿಟ್ಟರು. ನಡುವೆ ಸಿಕ್ಕಿದ ಎವಾಲ್ಡ್ ಚರ್ಚಿನ ಗಂಟೆಯ ನಾಲಗೆಯಂತೆ ಎರಡು ಕಡೆಗೂ ಬಡಿದುಕೊಳ್ಳುತ್ತಿದ್ದ.

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಹಿಂದಿನ ಭಾನುವಾರವಷ್ಟೇ ಅವನು ಅತ್ತೆಯ ಜಪಸರ ಮುಟ್ಟಿ ಮಾತು ಕೊಟ್ಟಿದ್ದ. ತಾಯಿಯಿಲ್ಲದ ಅವನನ್ನು ಸಾಕಿದ ಸೋದರತ್ತೆ ಅವಳು. “ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ನೆಲಮಾಳಿಗೆಯಲ್ಲಿ ಬಾಯಾರಿ ಸಾಯ್ತಿದ್ವಿ ಕಣೋ,” ಎಂದಿದ್ದಳು. “ಒಬ್ಬ ಅಮೆರಿಕದ ಹುಡುಗ ಬಗ್ಗಿ ನೋಡಿ ಈ ಕೋಲಾ ಅನ್ನೋ ಕಪ್ಪು ಪಾನಕದ ಬಾಟಲಿ ಕೊಟ್ಟ. ಔಷಧಿ ಅಂದ್ಕೊಂಡು ಒಬ್ಬೊಬ್ಬರು ಒಂದು ಗುಟುಕು ಕುಡಿದ್ವಿ. ನನ್ನ ಮಣ್ಣು ಮಾಡಿ ಬಂದವರಿಗೆ ಒಂದೊಂದು ಪೂರ್ತಿ ಲೋಟ ಕೊಡೋ. ಗುಟುಕು ಸಾಲಲ್ಲ.”

ಈ ವಿಷಯವನ್ನು ಎವಾಲ್ಡ್ ಹೆಂಡತಿ ರೋಸ್ವಿತಾಳಿಗೂ ಹೇಳಲಿಲ್ಲ. ಅವಳಿಗೆ ಹೇಳಿದರೆ ಪಕ್ಕದ ಮನೆಯ ಇರ್ಮ್‌ಟ್ರೌಡಳಿಗೆ ತಿಳಿಯುತ್ತದೆ. ಅವಳಿಗೆ ತಿಳಿದರೆ ಪಾದ್ರಿಗಳು ಪೀಠದಿಂದ ಓದಿ ಹೇಳುವ ಅಗತ್ಯವೇ ಇರುವುದಿಲ್ಲ. ಕೋಲಾ ಕಂಡರೆ ಮೇಷ್ಟ್ರು ಎದ್ದು ಹೋಗುತ್ತಾರೆ, ಮೇಷ್ಟ್ರ ಹಿಂದೆ ಊರು ಹೋಗುತ್ತದೆ. ಸಾವಿನ ಊಟದ ಮೇಜು ಖಾಲಿ ಉಳಿಯುವುದಕ್ಕಿಂತ ದೊಡ್ಡ ಅವಮಾನ ಆ ಊರಿನಲ್ಲಿರಲಿಲ್ಲ.

ಅದಕ್ಕೆ ಅವನೊಂದು ಉಪಾಯ ಹೂಡಿದ. ಮಕ್ಕಳೂ ಕುಡಿಯುವ, ಮತ್ತೇರದ ಮಾಲ್ಟ್ ಬಿಯರು ನಮ್ಮ ಜರ್ಮನಿಯದೇ. ಅದೂ ಕಪ್ಪು, ಅದೂ ಸಿಹಿ, ಅದಕ್ಕೂ ನೊರೆ. ಮಣ್ಣು ಮಾಡುವ ದಿನ ಬೆಳಿಗ್ಗೆ ನೆಲಮಾಳಿಗೆಗೆ ಇಳಿದು, ಬಚ್ಚಿಟ್ಟಿದ್ದ ಕೋಲಾ ಬಾಟಲಿಗಳನ್ನು ಒಂದೊಂದಾಗಿ ತೆರೆದು ಮಾಲ್ಟ್ ಬಿಯರಿನ ಖಾಲಿ ಮಣ್ಣಿನ ಜಾಡಿಗಳಿಗೆ ಸುರಿಯತೊಡಗಿದ.

“ಯಾರಲ್ಲಿ? ಏನೋ ಸುಂಯ್ ಸುಂಯ್ ಅಂತಿದೆ!” ಮೆಟ್ಟಿಲ ಮೇಲಿನಿಂದ ಇರ್ಮ್‌ಟ್ರೌಡಳ ದನಿ.

“ನಾನೇ ಕಣಮ್ಮಾ. ಉಸಿರು... ಉಬ್ಬಸ!”

“ಅಯ್ಯೋ ದೇವರೇ, ಮೊದಲೇ ಹೇಳಬಾರದಾ?”

ಅವನು ಮೇಲೆ ಬರುವಷ್ಟರಲ್ಲಿ ಅವಳು ಕರ್ಪೂರದ ಮುಲಾಮಿನೊಡನೆ ಕಾದಿದ್ದಳು. ಎದೆಗೆ ಹಚ್ಚಿದಳು, ಮೂಗಿನ ಕೆಳಗೆ ಬಳಿದಳು, ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿದಳು. ಎವಾಲ್ಡ್ ಉಪ್ಪಿನಕಾಯಿ ಜಾಡಿಯಂತೆ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಚರ್ಚಿಗೆ ಹೊರಟ. ಉಬ್ಬಸದ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು.

ಶವಪೆಟ್ಟಿಗೆಗೆ ಕೈ ಹಾಕಲು ಹೋದರೆ ಮೇಷ್ಟ್ರು ತಡೆದರು. “ನೀನು ಪಕ್ಕಕ್ಕೆ ಸರಿ. ಇವತ್ತು ಒಬ್ಬರನ್ನ ಹೂಳೋದು ಸಾಕು.”

ತನ್ನನ್ನು ಹೊತ್ತು ಬೆಳೆಸಿದವಳನ್ನು ಹೊರುವ ಭಾಗ್ಯವೂ ತಪ್ಪಿತು. ಎವಾಲ್ಡ್ ಉಣ್ಣೆಯ ಪಟ್ಟಿಯೊಳಗೆ ಬೆವರುತ್ತ ಹಿಂದೆ ನಡೆದ. ಮೇಲೆ ಅಮೆರಿಕದ ವಿಮಾನವೊಂದು ಗುಡುಗಿಕೊಂಡು ಹೋದಾಗ ಪಾದ್ರಿಗಳು ಪ್ರಾರ್ಥನೆ ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸಿದರು.

ಕಾಫಿ, ಕೇಕು ಸಿದ್ಧ ಮಾಡಲು ಹೋಟೆಲಿನಲ್ಲೇ ಉಳಿದಿದ್ದ ರೋಸ್ವಿತಾ ಎಲ್ಲರನ್ನೂ ಬರಮಾಡಿಕೊಂಡಳು. ಎವಾಲ್ಡ್ ನೇರವಾಗಿ ಜಾಡಿಗಳ ಬಳಿ ಹೋಗಿ ಲೋಟ ತುಂಬತೊಡಗಿದ. ಅವನ ಮೂಗಿಗೆ ಕರ್ಪೂರವಲ್ಲದೆ ಬೇರೇನೂ ತಿಳಿಯುತ್ತಿರಲಿಲ್ಲ. ಸಕ್ಕರೆ ಕಾಯಿಲೆಯವನಾದ್ದರಿಂದ ನಾಲಗೆಗೆ ಮುಟ್ಟಿಸುವ ಹಾಗೂ ಇರಲಿಲ್ಲ.

“ಎವಾಲ್ಡ್, ಒಂದ್ನಿಮಿಷ ಅಡಿಗೆಮನೆಗೆ ಬಾ,” ಎಂದಳು ರೋಸ್ವಿತಾ.

“ಆಮೇಲೆ.”

ಎಲ್ಲರ ಕೈಗೂ ಒಂದೊಂದು ಪೂರ್ತಿ ಲೋಟ ಬಂತು. ಮೇಷ್ಟ್ರು ಒಂದು ಗುಟುಕು ಹೀರಿ ಎದ್ದು ನಿಂತರು.

“ನೋಡಿ, ಇದು ನಮ್ಮ ಮಣ್ಣಿನ ರುಚಿ! ಇಂಥದ್ದನ್ನ ಇಟ್ಕೊಂಡು ಇಷ್ಟು ವರ್ಷ ಆ ಅಮೆರಿಕದ ಕೊಚ್ಚೆ ಕುಡಿದ್ವಲ್ಲ!”

“ಎರಡೂ ಒಂದೇನಾ ಮೇಷ್ಟ್ರೇ? ನಾಲಗೆ ಇರೋರಿಗೆ ಗೊತ್ತಾಗತ್ತೆ,” ಎಂದಳು ಇರ್ಮ್‌ಟ್ರೌಡ್. ಜನ ಮೇಜು ತಟ್ಟಿದರು.

ಎವಾಲ್ಡನ ಎದೆ ತುಂಬಿ ಬಂತು. ಅತ್ತೆಯ ಆಸೆ ತೀರಿತು, ಊರೇ ಮೆಚ್ಚಿ ಕುಡಿಯುತ್ತಿದೆ, ಆದರೆ ಅವಳ ಹೆಸರೇ ಇಲ್ಲ! ಮಗ್ಗಿಯ ಕಾಲದಿಂದ ಮೇಷ್ಟ್ರ ಮುಂದೆ ಬಾಯಿ ಬಿಡದವನು ಗಂಟಲು ಸರಿಮಾಡಿಕೊಂಡ. ರೋಸ್ವಿತಾ ಅವನ ತೋಳು ಜಗ್ಗಿದಳು, ಕಾಲು ತುಳಿದಳು. ಹೆದರುತ್ತಾಳೆ ಪಾಪ, ಎಂದುಕೊಂಡ.

“ಮೇಷ್ಟ್ರೇ, ನೀವು ಕುಡಿದದ್ದು ಮಾಲ್ಟ್ ಬಿಯರಲ್ಲ. ಕೋಲಾ. ಅಮೆರಿಕದ್ದೇ. ಎಲ್ಲರಿಗೂ ಒಂದೊಂದು ಲೋಟ ಕೊಡು ಅಂತ ನಮ್ಮತ್ತೆ ಕೊನೇದಾಗಿ ಕೇಳ್ಕೊಂಡಿದ್ರು.”

ಮೇಷ್ಟ್ರು ಬಾಯಲ್ಲಿದ್ದುದನ್ನು ಲೋಟಕ್ಕೆ ಉಗುಳಿದರು. “ಅದಕ್ಕೇ... ಅದಕ್ಕೇ ಕೊನೇಲಿ ಸ್ವಲ್ಪ ಕಹಿ ಬಂತು! ಸಾವಿನ ಮನೇಲಿ ಮೋಸ ಮಾಡ್ತೀಯೇನೋ?”

“ಹಾಗಾದ್ರೆ ಉಬ್ಬಸ?” ಎಂದಳು ಇರ್ಮ್‌ಟ್ರೌಡ್.

“ಅದು... ಬಾಟಲಿ.”

“ನನ್ನ ಕರ್ಪೂರ!” ಅವಳು ಅವನ ಕುತ್ತಿಗೆಯ ಪಟ್ಟಿ ಬಿಚ್ಚಿಕೊಂಡು ನಡೆದಳು. ಕುರ್ಚಿಗಳು ಕಿರ್ರೆಂದವು. ಪಾದ್ರಿಗಳು ಕೇಕಿನ ತುಂಡೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಯಾರ ಪಕ್ಷವೆಂದು ತೋರಗೊಡದೆ ಹೊರಬಿದ್ದರು.

ಖಾಲಿ ಮೇಜಿನ ಮುಂದೆ ಎವಾಲ್ಡ್ ಕುಸಿದು ಕುಳಿತ. “ಹೋಗ್ಲಿ ಬಿಡು ರೋಸ್ವಿತಾ. ಅತ್ತೆಗೆ ಕೊಟ್ಟ ಮಾತೊಂದು ಉಳೀತು.”

ರೋಸ್ವಿತಾ ಬಿಳಿಚಿಕೊಂಡಳು. “ನಂಗ್ಯಾಕೆ ಮೊದಲೇ ಹೇಳಲಿಲ್ಲ? ನೀವೆಲ್ಲ ಚರ್ಚಿಗೆ ಹೋದಾಗ ಜಾಡಿ ಮುಚ್ಚಳ ತೆಗೆದೆ, ಕೋಲಾ ವಾಸನೆ ಹೊಡೀತು. ಮೇಷ್ಟ್ರು ನಮ್ಮನ್ನ ಊರಲ್ಲಿ ಇರಗೊಡಲ್ಲ ಅಂತ ಎಲ್ಲಾ ಚೆಲ್ಲಿ, ನಿಜವಾದ ಮಾಲ್ಟ್ ಬಿಯರೇ ತುಂಬಿದ್ದೆ. ಅದನ್ನೇ ಹೇಳೋಕೆ ಬಂದ್ರೆ ನೀನು ಕೇಳಬೇಕಲ್ಲ?”

“ಎಲ್ಲಿಗೆ ಚೆಲ್ಲಿದೆ?”

“ಪಾಯಿಖಾನೆಗೆ. ಈಗ ಫಳಫಳ ಅಂತಿದೆ.”

ಎವಾಲ್ಡ್ ಬಾಗಿಲಿಗೆ ಓಡಿದ. “ಮೇಷ್ಟ್ರೇ! ಅದು ಮಾಲ್ಟ್ ಬಿಯರೇ! ದೇವರಾಣೆ ನಮ್ಮದೇ!”

“ಇನ್ನೊಂದು ಸುಳ್ಳು!” ಬೀದಿಯ ತಿರುವಿನಿಂದ ಮೇಷ್ಟ್ರ ಉತ್ತರ ಬಂತು.

ಗಾಳಿಗೆ ಬಾಗಿಲ ಕಾಗದದ ಮೂಲೆ ಪಟಪಟ ಬಡಿಯುತ್ತಿತ್ತು. ಎವಾಲ್ಡ್ ಅಭ್ಯಾಸಬಲದಿಂದ ಅದನ್ನು ಒತ್ತಿ ಕೂರಿಸಿ ಒಳಗೆ ಬಂದ. ಗಂಡ ಹೆಂಡತಿ ಅಕ್ಕಪಕ್ಕ ಮಂಡಿಯೂರಿದರು. ಅವನು ಅತ್ತೆಯ ಜಪಸರವನ್ನು ಕೈಗೆ ಸುತ್ತಿಕೊಂಡು, ಅವಳ ಪೂರ್ತಿ ಹೆಸರು ಹಿಡಿದು ಹೇಳಿದ:

“ಕರ್ತನೇ, ನಿನ್ನ ಮಗಳು ಅಪೊಲೋನಿಯಾಳಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸು. ನಿತ್ಯ ಬೆಳಕು ಅವಳ ಮೇಲೆ ಬೆಳಗಲಿ. ನಾವು ಇಲ್ಲಿ ಕೊಡಲಾಗದ ಲೋಟವನ್ನು ಅಲ್ಲಿ ನೀನೇ ತುಂಬಿ ಕೊಡು. ಅದು ಯಾವ ದೇಶದ್ದೆಂದು ಕೇಳಬೇಡ. ಅವಳು ಶಾಂತಿಯಲ್ಲಿ ವಿಶ್ರಮಿಸಲಿ. ಆಮೆನ್.”