‘ಸೂಜಿಕಣ್ಣು’ ವಾರಪತ್ರಿಕೆಯ ವಾರ

ನಿಯತಕಾಲಿಕಗಳ ನಿಯಂತ್ರಣ ಕಚೇರಿಯ ಪ್ರಕಾರ ಈ ಲೋಕದಲ್ಲಿ ದಿನಪತ್ರಿಕೆ, ವಾರಪತ್ರಿಕೆ, ಪಾಕ್ಷಿಕ, ಮಾಸಿಕ, ತ್ರೈಮಾಸಿಕ, ಅರ್ಧವಾರ್ಷಿಕ ಮತ್ತು ವಾರ್ಷಿಕಗಳಿವೆ. ಇವುಗಳ ನಡುವೆ ಸಂದಿಲ್ಲ. ‘ಸೂಜಿಕಣ್ಣು’ ಸಿಕ್ಕಿಹಾಕಿಕೊಂಡದ್ದು ಆ ಇಲ್ಲದ ಸಂದಿನಲ್ಲೇ.

‘ಸೂಜಿಕಣ್ಣು’ ಊರಿನ ಏಕೈಕ ವಾರಪತ್ರಿಕೆ. ದರ್ಜಿಗಳಿಗಾಗಿ ದರ್ಜಿಯೊಬ್ಬರು ನಡೆಸುವಂಥದ್ದು. ಕಣ್ಣು ಮಂಜಾಗಿ ಕತ್ತರಿ ಕೆಳಗಿಟ್ಟ ಮೇಲೆ ಸಂಪಾದಕರ ಜೀವವೆಲ್ಲ ಅದರಲ್ಲೇ ಇತ್ತು. ಕಾಲರ್ ಕುರಿತು ಅವರು ಬರೆದ ಸಂಪಾದಕೀಯಗಳು ಒಂದಕ್ಕಿಂತ ಒಂದು ಖಾರ. ಅಚ್ಚಿನ ಯಂತ್ರ ಮಾತ್ರ ಹೆಂಡತಿಯ ವಶದಲ್ಲಿತ್ತು. ಲಗ್ನಪತ್ರಿಕೆಯ ಕೆಲಸ ಬಂತೋ, ವಾರಪತ್ರಿಕೆ ಪಕ್ಕಕ್ಕೆ ಸರಿಯಬೇಕು.

“ಮದುವೆ ಕಾಯಲ್ಲ ಕಣ್ರೀ, ನಿಮ್ಮ ಸಂಪಾದಕೀಯ ಕಾಯುತ್ತೆ,” ಅನ್ನುತ್ತಿದ್ದರು ಆಕೆ. ಕಾಯುತ್ತಲೂ ಇತ್ತು ಪಾಪ, ಒಮ್ಮೆ ಹತ್ತು ದಿನ, ಒಮ್ಮೆ ಇಪ್ಪತ್ತು.

ಹೀಗಿರಲು ನೋಟೀಸು ಬಂತು. “ತಮ್ಮ ಪತ್ರಿಕೆಯು ವಾರಕ್ಕಿಂತ ತಡವಾಗಿಯೂ ತಿಂಗಳಿಗಿಂತ ಬೇಗನೆಯೂ ಬರುತ್ತಿದ್ದು, ಯಾವ ಬಗೆಗೂ ಸೇರದ ಕಾರಣ ಅದು ಇಲ್ಲವೆಂದು ಮೇಲ್ನೋಟಕ್ಕೆ ಕಂಡುಬಂದಿದೆ. ಇಲ್ಲದ ಪತ್ರಿಕೆಯನ್ನು ಏಕೆ ರದ್ದುಪಡಿಸಬಾರದು?”

ಸಂಪಾದಕರು ಬಿದ್ದೆನೋ ಎದ್ದೆನೋ ಎಂದು ಕಚೇರಿಗೆ ಓಡಿದರು. ನಿರ್ದೇಶಕರು ಸಂಭಾವಿತರು, ಕೂರಿಸಿ ಮಾತಾಡಿಸಿದರು.

“ಪಾಕ್ಷಿಕ ಮಾಡ್ಕೊಂಡುಬಿಡಿ.”

“ಒಮ್ಮೊಮ್ಮೆ ಅದಕ್ಕೂ ತಡ ಆಗುತ್ತೆ ಸಾರ್.”

“ಹಾಗಾದ್ರೆ ಮಾಸಿಕ?”

“ಮದುವೆ ಇಲ್ಲದಾಗ ಬೇಗ ಬಂದುಬಿಡುತ್ತೆ.”

“ಬೇಗ ಬರೋದೂ ತಪ್ಪೇ ಅಲ್ವೇನ್ರೀ?” ಎಂದು ನಿರ್ದೇಶಕರು ನೊಂದುಕೊಂಡರು.

“ಇದೊಂದು ನಿಂತು ಹೋದ್ರೆ ಬೆಳಿಗ್ಗೆ ಎದ್ದು ನಾನು ಏನು ಮಾಡ್ಲಿ ಸಾರ್?” ಸಂಪಾದಕರು ಕೈಮುಗಿದರು.

ಆಗ ಹೆಡ್ ಗುಮಾಸ್ತರು ಬಗ್ಗಿ, ಇದನ್ನು ರದ್ದು ಮಾಡಿದರೆ ವಾರಪತ್ರಿಕೆಗಳ ವಿಭಾಗದಲ್ಲಿ ಒಂದೂ ಪತ್ರಿಕೆ ಉಳಿಯುವುದಿಲ್ಲ, ವಿಭಾಗ ಹೋದರೆ ವಿಭಾಗದ ಕಾರೂ ಹೋಗುತ್ತದೆ ಎಂದು ಸಾಹೇಬರ ಕಿವಿಯಲ್ಲಿ ಉಸುರಿದರು. ಆ ಕಾರಿನಲ್ಲಿ ನಿರ್ದೇಶಕರ ಮಾವನವರು ದಿನಾ ವಾಕಿಂಗಿಗೆ ಹೋಗುತ್ತಿದ್ದರು. ಸಂಜೆಯೊಳಗೆ ಆದೇಶ ಹೊರಬಿತ್ತು:

“ಇನ್ನು ಮುಂದೆ ವಾರವೆಂದರೆ ನೋಂದಾಯಿತ ವಾರಪತ್ರಿಕೆಯ ಒಂದು ಸಂಚಿಕೆಯಿಂದ ಮುಂದಿನ ಸಂಚಿಕೆಯವರೆಗಿನ ಅವಧಿ. ಅವಧಿಯ ಉದ್ದದ ಬಗ್ಗೆ ಯಾರೂ ತಕರಾರು ಎತ್ತತಕ್ಕದ್ದಲ್ಲ.”

ಸಂಪಾದಕರು ಆನಂದಬಾಷ್ಪ ಸುರಿಸುತ್ತ ಮನೆಗೆ ಬಂದರು. ಹೆಂಡತಿ ಆದೇಶ ಓದಿ, “ಒಳ್ಳೇದಾಯ್ತು, ಇನ್ನು ಅವಸರ ಇಲ್ಲ,” ಎಂದು ಮೂರು ಲಗ್ನಪತ್ರಿಕೆ ಒಪ್ಪಿಕೊಂಡರು.

ಆ ವಾರ ಮುಗಿಯಲೇ ಇಲ್ಲ. ವಾರದ ರಜೆ ವಾರದ ಕೊನೆಗೆ ತಾನೇ? ಕಚೇರಿಯವರು ಬಟ್ಟೆ ಒಗೆಯಲೂ ಪುರುಸೊತ್ತಿಲ್ಲದೆ ದುಡಿದು ದುಡಿದು ಸುಸ್ತಾದರು. ಹೆಡ್ ಗುಮಾಸ್ತರ ಹೆಂಡತಿ ಭಾನುವಾರ ಎಲ್ಲಿ ಎಂದು ಕೇಳಿದ್ದಕ್ಕೆ ಅವರು, “ಅಚ್ಚಿನಲ್ಲಿದೆ,” ಎಂದರಂತೆ.

ಕೊನೆಗೆ ಇಡೀ ಕಚೇರಿ ಅಚ್ಚುಕೂಟಕ್ಕೇ ಬಂದಿಳಿಯಿತು, ನಿರ್ದೇಶಕರೂ ಸಹಿತ.

“ಸಂಪಾದಕೀಯದ್ದು ಇನ್ನೂ ಅಚ್ಚಿನ ಮೊಳೆ ಜೋಡಿಸ್ಬೇಕು,” ಎಂದರು ಸಂಪಾದಕರು.

“ಅಯ್ಯೋ, ಅದೆಲ್ಲ ಯಾಕ್ರೀ? ಹೆಸರು ಹಾಕಿ, ತಾರೀಖು ಹಾಕಿ, ಸಾಕು. ವಾರ ಮುಗಿದ್ರೆ ಆಯ್ತಪ್ಪ!” ಎಂದರು ನಿರ್ದೇಶಕರು.

ಯಂತ್ರದಿಂದ ಬೆಳ್ಳನೆಯ ಹಾಳೆಗಳು ಪಟಪಟನೆ ಹೊರಬಂದವು. ಗುಮಾಸ್ತರೇ ಮಡಿಸಿ ಅಂಚೆಗೆ ಹಾಕಿ ರಜೆಗೆ ಹೋದರು. ಮರುದಿನ ಇನ್ನೊಂದು ಸಂಚಿಕೆ ತೆಗೆಸಲು ಮತ್ತೆ ಬಂದರು, ಅದರ ಮರುದಿನವೂ. ‘ಸೂಜಿಕಣ್ಣು’ ದಿನಕ್ಕೊಂದರಂತೆ ಬರತೊಡಗಿದ್ದರಿಂದ ದಿನವೂ ವಾರದ ಕೊನೆಯಾಗಿ ಕಚೇರಿ ಬಾಗಿಲು ತೆರೆಯಬೇಕಾದ ಪ್ರಸಂಗವೇ ಬರಲಿಲ್ಲ. ಅತ್ಯಂತ ಕ್ರಮಬದ್ಧ ವಾರಪತ್ರಿಕೆಯೆಂದು ಅದಕ್ಕೆ ಪದಕವೂ ಬಂತು.

ಸಂಪಾದಕರಿಗೆ ಮಾತ್ರ ಊಟ ಸೇರಲಿಲ್ಲ. ಕಾಲರ್ ಕುರಿತ ಸಂಪಾದಕೀಯ ಜೇಬಿನಲ್ಲೇ ಉಳಿದಿತ್ತು. ಓದುಗರು ಏನೆನ್ನುತ್ತಾರೋ, ಉಗಿಯುತ್ತಾರೋ ಏನೋ ಎಂದು ಹೆದರಿ ದರ್ಜಿಗಳ ಬೀದಿಗೆ ಹೊರಟರು.

ಮೂಲೆಯಂಗಡಿಯ ದರ್ಜಿ ಮೇಜಿನ ಮೇಲೆ ‘ಸೂಜಿಕಣ್ಣು’ ಹರಡಿಕೊಂಡು, ಪೆನ್ಸಿಲಿನಿಂದ ತೋಳಿನ ಅಳತೆ ಬರೆದು ಕತ್ತರಿಸುತ್ತಿದ್ದ. ಇವರನ್ನು ಕಂಡದ್ದೇ ಎದ್ದು ಕೈಹಿಡಿದುಕೊಂಡ.

“ಬನ್ನಿ ಅಣ್ಣಾ, ಬನ್ನಿ! ಈಗ ನೋಡಿ ಪತ್ರಿಕೆ ಅಂದ್ರೆ! ಒಂದು ಹಾಳೇಲಿ ಇಡೀ ಅಂಗಿ ನಕ್ಷೆ ಆಗುತ್ತೆ. ಇಷ್ಟು ವರ್ಷ ಅಕ್ಷರ ಯಾಕಣ್ಣಾ ಹಾಕ್ತಿದ್ರಿ?”

ಸಂಪಾದಕರದು ಮೂವತ್ತು ವರ್ಷ ಹೊಲಿದ ಕೈ, ಆ ಕತ್ತರಿಯ ಕೆಲಸವನ್ನು ಸವರಿ ನೋಡದೆ ಇರಲಿಲ್ಲ. ತೋಳು ಸರಿಯಾಗಿಯೇ ಕೂತಿತ್ತು.

“ಒಂದೇ ಒಂದು ತೊಂದರೆ ಅಣ್ಣಾ,” ಎಂದ ದರ್ಜಿ, ತಲೆ ಕೆರೆದುಕೊಳ್ಳುತ್ತ. “ಮೇಲ್ಗಡೆ ಪತ್ರಿಕೆ ಹೆಸರು ಅಷ್ಟು ದೊಡ್ಡದಾಗಿದ್ಯಲ್ಲ, ಅದು ಕಾಲರ್‌ಗೆ ಅಡ್ಡ ಬರುತ್ತೆ.”

ಸಂಪಾದಕರು ಮನೆಗೆ ಬಂದು, ಓದುಗರ ಬೇಡಿಕೆಯ ಮೇರೆಗೆ, ಹೆಸರನ್ನೂ ತೆಗೆಸಿದರು.